ಅದೇ ಹುಡುಗರು

ಆಟಪಾಟಗಳ ವಿಷಯವಾಗಿ ವಾರ್ಷಿಕ ಸಂಚಿಕೆಗೆ ಒಂದು ಲೇಖನವನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಲಿಯ ವಿದ್ಯಾರ್ಥಿಗಳು ಕೇಳಿದಾಗ ನಾವು ಒಪ್ಪಿಕೊಳ್ಳಲು ಹಿಂದೆಮುಂದೆ ನೋಡಿದೆವು. ನಾವು ಕನ್ನಡ ವ್ಯಾಕರಣವನ್ನು ಕಲಿಸುವವರು. ಊರಿನ ಕನ್ನಡ ಶಾಲೆಯಲ್ಲಿ ಮೆಟ್ರಿಕ್ ಪರೀಕ್ಷೆಯನ್ನು ಮುಗಿಸಿ, ಹೊಟ್ಟೆಯ ಪಾಡಿಗಾಗಿ ಮುಂಬಯಿಗೆ ಬಂದವರು. ಆಟಕ್ಕೂ ನಮಗೂ ಇರುವ ನಂಟು ಶನಿವಾರ ಮಧ್ಯಾಹ್ನ ಸೀಟಿಯನ್ನು ಕೊರಳಿಗೆ ಹಾಕಿಕೊಂಡು ಖೋಖೋ ತಂಡದೊಡನೆ ಮೈದಾನಕ್ಕೆ ಹೋಗುವಷ್ಟು ಮಾತ್ರ. ಆದರೂ ಬರೆಯಲು ಒಪ್ಪಿದುದಕ್ಕೆ ಒಂದು ಕಾರಣವುಂಟು. ಈ ವರ್ಷ ನಮ್ಮ ತಂಡವು ಅಂತರಶಾಲಾ ಪಂದ್ಯಗಳಲ್ಲಿ ಆಡಿದ ಐದು ಆಟಗಳಲ್ಲಿ ಐದನ್ನೂ ಸೋತಿತೆಂಬುದು ನಿಮಗೆಲ್ಲ ತಿಳಿದೇ ಇದೆ. ಕೊನೆಯ ಆಟವನ್ನು ಸೋತು ಲೋಕಲ್ ಗಾಡಿಯಲ್ಲಿ ಹಿಂದಿರುಗುತ್ತಿದ್ದಾಗ ಒಂಬತ್ತನೆಯ ಇಯತ್ತೆಯ ಹುಡುಗನೊಬ್ಬನು, "ಸರ್, ನಮಗೆ ಬೇರೆ ಮಾಸ್ತರರು ಸಿಕ್ಕಿದ್ದರೆ ನಾವು ಗೆಲ್ಲುತ್ತಿದ್ದೆವೇ?" ಎಂದು ಕೇಳಿದನು.

ಕೇಳಿದವನಲ್ಲಿ ದುರುದ್ದೇಶವಿರಲಿಲ್ಲ. ಕೇಳಿದ ಮೇಲೆ ಅವನೇ ನಾಲಿಗೆಯನ್ನು ಕಚ್ಚಿಕೊಂಡನು. ಉಳಿದವರು ಕಿಟಕಿಯ ಹೊರಗೆ ನೋಡತೊಡಗಿದರು. ಕುರ್ಲಾ ಬಂದಿತು, ಇಳಿದೆವು. ಆ ದಿನ ನಾವು ಉತ್ತರವನ್ನು ಕೊಡಲಿಲ್ಲ. ಈಗ ಕೊಡಲು ಪ್ರಯತ್ನಿಸುತ್ತೇವೆ.

ಫೌಂಟನ್ ಬಳಿಯ ಪಾದಪಥದಲ್ಲಿ ಹಳೆಯ ಪುಸ್ತಕಗಳನ್ನು ತಡಕುವುದು ನಮ್ಮ ಚಟ. ಅಲ್ಲಿ ದೊರೆತ ಹರಕು ಪುಸ್ತಕವೊಂದರಲ್ಲಿ ಅಮೇರಿಕದ ಕಾಲೇಜು ತಂಡವೊಂದರ ಕಥೆಯನ್ನು ಮೊದಲು ಓದಿದೆವು. ಆಮೇಲೆ ಸಿಕ್ಕ ಸಿಕ್ಕಲ್ಲಿ ಅದರ ಬೆನ್ನು ಹತ್ತಿದೆವು. ಹುಡುಗನ ಪ್ರಶ್ನೆಗೆ ಅದಕ್ಕಿಂತ ಹತ್ತಿರವಾದ ಉದಾಹರಣೆ ನಮಗೆ ತಿಳಿದಿಲ್ಲ.

ಅವರು ಫುಟ್‌ಬಾಲ್ ಎಂದು ಕರೆಯುವುದು ನಾವು ಬಲ್ಲ ಕಾಲ್ಚೆಂಡಿನಾಟವಲ್ಲ. ಚೆಂಡು ಗುಂಡಗಿಲ್ಲ, ಎರಡು ತುದಿಗಳಲ್ಲಿ ಚೂಪಾಗಿ ನಡುವೆ ಉಬ್ಬಿದೆ. ಅದನ್ನು ಕೈಯಲ್ಲಿ ಹಿಡಿದು ಓಡಬಹುದು, ಮುಂದಿರುವ ಜೊತೆಯವನಿಗೆ ಎಸೆಯಬಹುದು. ಒಂದೊಂದು ಪಕ್ಷಕ್ಕೆ ೧೧ ಮಂದಿ. ನಾಲ್ಕು ಯತ್ನಗಳೊಳಗೆ ೧೦ ಗಜ ಮುಂದೆ ಸಾಗದಿದ್ದರೆ ಚೆಂಡು ಎದುರಾಳಿಗಳ ಪಾಲಾಗುತ್ತದೆ. ಅವರ ಕೊನೆಯ ಗೆರೆಯನ್ನು ದಾಟಿದರೆ ೬ ಅಂಕಗಳು. ಚೆಂಡನ್ನು ಕೈಗೆ ತೆಗೆದುಕೊಂಡು ಯಾರಿಗೆ ಕೊಡಬೇಕೆಂದು ಆ ಕ್ಷಣದಲ್ಲಿ ನಿಶ್ಚಯಿಸುವವನನ್ನು ಕ್ವಾರ್ಟರ್‌ಬ್ಯಾಕ್ ಎನ್ನುತ್ತಾರೆ. ಇಷ್ಟು ತಿಳಿದರೆ ಸಾಕು.

ಇಂಡಿಯಾನಾ ರಾಜ್ಯದ ಸೌತ್ ಬೆಂಡ್ ನಗರದ ಹತ್ತಿರ ನೋಟರ್ ಡೇಮ್ ಎಂಬ ವಿಶ್ವವಿದ್ಯಾಲಯವಿದೆ. ೧೮೪೨ರಲ್ಲಿ ಕ್ಯಾಥೊಲಿಕ್ ಪಾದ್ರಿಗಳು ಸ್ಥಾಪಿಸಿದ ಸಂಸ್ಥೆಯಿದು. ನ್ಯೂಟ್ ರಾಕ್ನಿ ಎಂಬವರು ೧೯೧೮ರಿಂದ ೧೯೩೦ರವರೆಗೆ ಇಲ್ಲಿಯ ತಂಡದ ಶಿಕ್ಷಕರಾಗಿದ್ದು ೧೦೫ ಆಟಗಳನ್ನು ಗೆದ್ದುಕೊಟ್ಟು, ೧೨ನ್ನು ಮಾತ್ರ ಸೋತಿದ್ದರು. ಅಂತಹ ತಂಡವು ೧೯೬೩ರ ಹೊತ್ತಿಗೆ ಎಷ್ಟು ಇಳಿದುಹೋಗಿತ್ತೆಂದರೆ ಆ ವರ್ಷ ಆಡಿದ ೯ ಆಟಗಳಲ್ಲಿ ೨ನ್ನು ಗೆದ್ದು ೭ನ್ನು ಸೋತಿತು. ಹಿಂದಿನ ವೈಭವವನ್ನು ನೆನೆಯುತ್ತಾ ಇಂದಿನ ಸೋಲನ್ನು ನುಂಗುವುದು ಎಷ್ಟು ಕಹಿಯೆಂಬುದನ್ನು, ಒಂದು ಕಾಲದಲ್ಲಿ ತರಗತಿಗಳು ಕಿಕ್ಕಿರಿದಿದ್ದ ಕನ್ನಡ ಶಾಲೆಯೊಂದರಲ್ಲಿ ಇಂದು ಕಲಿಯುವ ನಿಮಗೆ ನಾವು ಬಿಡಿಸಿ ಹೇಳಬೇಕಾಗಿಲ್ಲ.

ಆ ವರ್ಷದ ಡಿಸೆಂಬರಿನಲ್ಲಿ ಆರಾ ಪಾರ್ಸೀಗಿಯನ್ ಎಂಬವರನ್ನು ಹೊಸ ಮುಖ್ಯ ಶಿಕ್ಷಕರನ್ನಾಗಿ ಗೊತ್ತುಮಾಡಿದರು. ಇವರು ಆ ವಿಶ್ವವಿದ್ಯಾಲಯದಲ್ಲಿ ಓದಿದವರಲ್ಲ, ಕ್ಯಾಥೊಲಿಕರೂ ಅಲ್ಲ. ತಂದೆ ತುರ್ಕಸ್ತಾನದಿಂದ ಅಮೇರಿಕಕ್ಕೆ ವಲಸೆ ಬಂದ ಆರ್ಮೇನಿಯದವರು, ತಾಯಿ ಫ್ರೆಂಚರು. ಇವರು ಮೊದಲಿದ್ದ ನಾರ್ತ್‌ವೆಸ್ಟರ್ನ್ ತಂಡವು ೧೯೫೯ರಿಂದ ೧೯೬೨ರವರೆಗೆ ನಾಲ್ಕು ವರ್ಷ ಒಂದೇ ಸಮನೆ ನೋಟರ್ ಡೇಮನ್ನು ಸೋಲಿಸಿತ್ತು. ತಮ್ಮನ್ನು ಸೋಲಿಸಿದವನನ್ನೇ ಕರೆದು ಗುರುಪೀಠದಲ್ಲಿ ಕೂರಿಸಿದ ಆ ಪಾದ್ರಿಗಳ ವಿವೇಕವನ್ನು ನಾವು ಮೆಚ್ಚುತ್ತೇವೆ. ಅಧ್ಯಕ್ಷರಾಗಿದ್ದ ಫಾದರ್ ಹೆಸ್‌ಬರ್ಗ್ ಆಟದ ಹುಚ್ಚಿನವರೇನೂ ಅಲ್ಲ. ೧೯೫೨ರಲ್ಲಿ ಅವರು ಅಧಿಕಾರ ವಹಿಸಿಕೊಂಡಾಗ ಛಾಯಾಗ್ರಾಹಕರು ಫುಟ್‌ಬಾಲ್ ಚೆಂಡೊಂದನ್ನು ಕೊಟ್ಟು ಅದರೊಡನೆ ನಿಲ್ಲಿರೆಂದು ಕೇಳಲು, ತಾವು ವಿದ್ಯಾಸಂಸ್ಥೆಯ ಅಧ್ಯಕ್ಷರೆಂದು ಅದನ್ನು ನಿರಾಕರಿಸಿದವರು.

೧೯೬೪ರ ಸೆಪ್ಟೆಂಬರಿನಲ್ಲಿ ಮೊದಲನೆಯ ಆಟ ವಿಸ್ಕಾನ್ಸಿನ್ ತಂಡದ ಮೇಲೆ, ಅವರ ಊರಿನಲ್ಲಿಯೇ. ನೋಟರ್ ಡೇಮ್ ೩೧–೭ರಿಂದ ಗೆದ್ದಿತು. ಬಳಿಕ ಪರ್ಡ್ಯೂ, ಏರ್ ಫೋರ್ಸ್, ಯು.ಸಿ.ಎಲ್.ಎ., ಸ್ಟ್ಯಾನ್‌ಫರ್ಡ್ ಒಂದಾದ ಮೇಲೊಂದು ಸೋತವು. ನೌಕಾದಳದ ಕಾಲೇಜನ್ನು ೪೦–೦ರಿಂದ ಸೋಲಿಸಿದರು. ಪಿಟ್ಸ್‌ಬರ್ಗ್ ಮಾತ್ರ ಬೆವರಿಳಿಸಿತು. ಅಲ್ಲಿ ೧೭–೧೫, ಎರಡೇ ಅಂಕಗಳ ಅಂತರ. ಮಿಶಿಗನ್ ಸ್ಟೇಟ್, ಅಯೋವಾ ಕೂಡ ಸೋತಮೇಲೆ ೯ ಆಟಗಳಲ್ಲಿ ೯ ಗೆಲುವುಗಳಾದವು. ದೇಶದ ತಂಡಗಳ ಪಟ್ಟಿಯಲ್ಲಿ ಮೊದಲ ಸ್ಥಾನ ದೊರೆಯಿತು. ಹಿಮ ಬೀಳುತ್ತಿದ್ದ ದಿನ ನೋಟ ನೋಡಲು ಕುಳಿತ ವಿದ್ಯಾರ್ಥಿಗಳು "ಆರಾ, ಹಿಮವನ್ನು ನಿಲ್ಲಿಸು" ಎಂದು ಒಟ್ಟಾಗಿ ಕೂಗಿದರಂತೆ. ತಮಾಷೆಗೆ ಕೂಗಿದರೂ ಅದರಲ್ಲಿ ಸ್ವಲ್ಪ ನಂಬಿಕೆಯೂ ಬೆರೆತಿರಲಿಕ್ಕೆ ಸಾಕು.

ಇಲ್ಲಿಯವರೆಗೆ ಓದಿದ ನೀವು, "ಹಾಗಾದರೆ ಹೊಸ ಮಾಸ್ತರರು ಬಂದರೆ ಗೆಲ್ಲಬಹುದೆಂದಾಯಿತು" ಎನ್ನುವಿರಿ. ಅವಸರ ಬೇಡ. ನಮ್ಮ ಅಭಿಪ್ರಾಯದಲ್ಲಿ ಈ ಉತ್ತರವು ಅರ್ಧ ಸರಿ. ಆ ಅರ್ಧ ಯಾವುದೆಂಬುದನ್ನು ನೋಡುವ ಮೊದಲು ಉಳಿದರ್ಧವನ್ನು ಹೇಳಿಬಿಡುತ್ತೇವೆ.

ಇದೇ ಪಾರ್ಸೀಗಿಯನ್ ೧೯೫೭ರಲ್ಲಿ ನಾರ್ತ್‌ವೆಸ್ಟರ್ನ್ ತಂಡದೊಡನೆ ಆಡಿದ ೯ ಆಟಗಳನ್ನೂ ಸೋತಿದ್ದರು. ಒಂಬತ್ತಕ್ಕೆ ಒಂಬತ್ತು. ಮನುಷ್ಯ ಅದೇ, ಬುದ್ಧಿ ಅದೇ, ಶಿಸ್ತು ಅದೇ. ಗುರುವಿನ ಕೈಯಲ್ಲಿ ಮಂತ್ರದಂಡವಿದ್ದಿದ್ದರೆ ಆ ವರ್ಷ ಅದು ಎಲ್ಲಿ ಅಡಗಿತ್ತು? ಎರಡನೆಯದಾಗಿ, ೧೯೬೪ರಲ್ಲಿ ಆಟದ ನಿಯಮವೇ ಸಡಿಲಾಯಿತು. ಅದಕ್ಕೆ ಮುಂಚೆ ಸುಮಾರು ಹತ್ತು ವರ್ಷ ಕಾಲ ಆಟಗಾರರನ್ನು ಬೇಕೆಂದಾಗ ಬದಲಾಯಿಸಲು ಅವಕಾಶವಿರಲಿಲ್ಲ. ಚೆಂಡನ್ನು ಮುಂದೊಯ್ಯುವ ೧೧ ಮಂದಿಯೇ, ಚೆಂಡು ಎದುರಾಳಿಗಳ ಕೈಗೆ ಹೋದ ಕೂಡಲೆ ಅವರನ್ನು ತಡೆಯಲೂ ನಿಲ್ಲಬೇಕಾಗಿತ್ತು. ಹೀಗಾಗಿ ಚೆನ್ನಾಗಿ ಎಸೆಯಬಲ್ಲವನಾದರೂ ತಡೆಯಲಾರದ ಹುಡುಗನು ಹೊರಗೆ ಕುಳಿತಿರಬೇಕಾಗುತ್ತಿತ್ತು. ನಿಯಮ ಬದಲಾದಾಗ ಎಸೆಯುವವನು ಎಸೆಯಲಿ, ತಡೆಯುವವನು ತಡೆಯಲಿ ಎಂದು ಬೇರೆಬೇರೆ ಪಡೆಗಳನ್ನು ಕಟ್ಟಲು ಸಾಧ್ಯವಾಯಿತು. ಈ ಅನುಕೂಲ ಹಿಂದಿನ ಶಿಕ್ಷಕರಿಗೆ ದೊರೆತಿರಲಿಲ್ಲವೆಂಬುದನ್ನು ನ್ಯಾಯವಾಗಿ ಹೇಳಲೇಬೇಕು.

ಇನ್ನು ಸರಿಯಾದ ಅರ್ಧ.

ಜಾನ್ ಹ್ಯೂವರ್ಟ್ ಎಂಬ ಹುಡುಗನಿದ್ದನು. ಕ್ಯಾಲಿಫೋರ್ನಿಯದವನು, ಮಿತಭಾಷಿ. ೧೯೬೩ರವರೆಗೆ ಅವನು ಆಡಿದ್ದಕ್ಕಿಂತ ಬೆಂಚಿನ ಮೇಲೆ ಕುಳಿತದ್ದೇ ಹೆಚ್ಚು. ತಂಡದಲ್ಲಿ ಸಾಕಷ್ಟು ಕಾಲ ಆಡಿದವರಿಗೆ ಕಾಲೇಜು ಕೊಡುವ ಲಾಂಛನವೊಂದುಂಟು; ಅದು ಕೂಡ ಅವನಿಗೆ ದೊರೆತಿರಲಿಲ್ಲ. ಅವನು ಚೆಂಡನ್ನು ಎಸೆಯುವ ರೀತಿ ಪಾಠದಲ್ಲಿ ಹೇಳಿದಂತೆ ಇರಲಿಲ್ಲ. ತೋಳನ್ನು ತಲೆಯ ಮೇಲಿನಿಂದ ತರುವ ಬದಲು ಪಕ್ಕದಿಂದ ಬೀಸುತ್ತಿದ್ದನು. ನಮ್ಮಂತಹ ಮಾಸ್ತರರಾಗಿದ್ದರೆ ಮೊದಲು ಆ ತೋಳನ್ನು ನೆಟ್ಟಗೆ ಮಾಡುವುದರಲ್ಲಿ ಒಂದು ವರ್ಷವನ್ನು ಕಳೆಯುತ್ತಿದ್ದೆವು. ಪಾರ್ಸೀಗಿಯನ್ ಆ ತೋಳಿನ ಗೊಡವೆಗೆ ಹೋಗಲಿಲ್ಲ. ಚೆಂಡು ಸೇರಬೇಕಾದಲ್ಲಿಗೆ ಸೇರುತ್ತಿತ್ತು. ಅಷ್ಟು ಸಾಕೆಂದು ಬಿಟ್ಟರು.

ಇಲ್ಲಿ ಸ್ವಲ್ಪ ನಿಂತು ಒಂದು ಮಾತನ್ನು ಹೇಳಬೇಕು. ನಮ್ಮ ತರಗತಿಯಲ್ಲಿ ಮಂಗಳೂರಿನ ಕಡೆಯ ಮಕ್ಕಳಿದ್ದಾರೆ, ಕಲಬುರ್ಗಿಯ ಕಡೆಯವರಿದ್ದಾರೆ, ಮನೆಯಲ್ಲಿ ತುಳುವನ್ನೋ ಬೀದಿಯಲ್ಲಿ ಮರಾಠಿಯನ್ನೋ ಆಡಿ ಶಾಲೆಯಲ್ಲಿ ಮಾತ್ರ ಕನ್ನಡವನ್ನು ಕೇಳುವವರೂ ಇದ್ದಾರೆ. ಒಬ್ಬನು ಎದ್ದುನಿಂತು ಒಳ್ಳೆಯ ವಿಚಾರವೊಂದನ್ನು ಹೇಳತೊಡಗಿದರೆ, ಮಾತು ಮುಗಿಯುವ ಮೊದಲೇ "ಹಾಗೆನ್ನಬಾರದು, ಹೀಗೆನ್ನಬೇಕು" ಎಂದು ಅವನ ಉಚ್ಚಾರವನ್ನು ತಿದ್ದುವ ಅಭ್ಯಾಸ ನಮಗಿದೆ. ಹುಡುಗನು ತಿದ್ದಿಕೊಳ್ಳುತ್ತಾನೆ, ಹೇಳಬೇಕೆಂದಿದ್ದುದನ್ನು ಮರೆತು ಕುಳಿತುಬಿಡುತ್ತಾನೆ. ಹ್ಯೂವರ್ಟನ ತೋಳಿನ ವಿಷಯವನ್ನು ಓದಿದ ದಿನ ಇದು ನಮಗೆ ನೆನಪಾಯಿತು. ವ್ಯಾಕರಣ ಬೇಡವೆಂದು ಇದರ ಅರ್ಥವಲ್ಲ, ಪರೀಕ್ಷೆಯಲ್ಲಿ ಯಾರೂ ಇದನ್ನು ಉದಾಹರಿಸಕೂಡದು!

೧೯೬೪ರ ವಸಂತದ ಅಭ್ಯಾಸದಲ್ಲಿ ಹ್ಯೂವರ್ಟನು ಹೆಗಲಿಗೆ ಪೆಟ್ಟು ಮಾಡಿಕೊಂಡನು. ಶಸ್ತ್ರಚಿಕಿತ್ಸೆಯಾಗಬೇಕೆಂದು ವೈದ್ಯರು ಹೇಳಿದರು. ಆದರೆ ಆ ವರ್ಷದ ಆಟ ಮುಗಿದಂತೆಯೇ. ಪಾರ್ಸೀಗಿಯನ್ ಅಷ್ಟಕ್ಕೆ ಬಿಡದೆ ಮತ್ತೊಬ್ಬ ವೈದ್ಯರನ್ನು ಹುಡುಕಿ ಕೇಳಿಸಿದರು. ತಾನಾಗಿ ವಾಸಿಯಾಗಲು ಬಿಡಬಹುದೆಂದು ಅವರು ಅಭಿಪ್ರಾಯಪಟ್ಟರು, ಹಾಗೆಯೇ ವಾಸಿಯೂ ಆಯಿತು. ಪಂದ್ಯದಲ್ಲಿ ಇನ್ನೂ ಏನನ್ನೂ ಮಾಡಿ ತೋರಿಸದ ಬೆಂಚಿನ ಹುಡುಗನೊಬ್ಬನಿಗಾಗಿ ಇಷ್ಟು ಓಡಾಡುವ ಶಿಕ್ಷಕರು ಎಷ್ಟು ಮಂದಿ? ಗೆದ್ದವನ ಹೆಗಲನ್ನು ಎಲ್ಲರೂ ನೋಡುತ್ತಾರೆ.

ಜ್ಯಾಕ್ ಸ್ನೋ ಎಂಬ ಮತ್ತೊಬ್ಬ ಕ್ಯಾಲಿಫೋರ್ನಿಯದ ಹುಡುಗನನ್ನು ಅವನ ಹಳೆಯ ಜಾಗದಿಂದ ತೆಗೆದು, ಅಂಚಿನಲ್ಲಿ ಓಡಿ ಚೆಂಡನ್ನು ಹಿಡಿಯುವ ಜಾಗಕ್ಕೆ ಹಾಕಿದರು. ಹಿಂದಿನ ವರ್ಷ ಅವನ ಕೈಗೆ ಬಂದ ಚೆಂಡುಗಳು ಬೆರಳೆಣಿಕೆಯಷ್ಟು. ಬೇಸಿಗೆಯ ರಜೆಯಲ್ಲಿ ಈ ಇಬ್ಬರೂ ತಮ್ಮ ಊರಿನ ಕಡೆಗೆ ಹೋದಾಗ, ಯಾರ ಸೀಟಿಯೂ ಇಲ್ಲದೆ, ಒಬ್ಬನು ಎಸೆಯುತ್ತ ಇನ್ನೊಬ್ಬನು ಹಿಡಿಯುತ್ತ ದಿನಗಳನ್ನು ಕಳೆದರು. ವಿಸ್ಕಾನ್ಸಿನ್ ಮೇಲಿನ ಮೊದಲ ಆಟದಲ್ಲಿಯೇ ಸ್ನೋ ೯ ಚೆಂಡುಗಳನ್ನು ಹಿಡಿದು ೨೧೭ ಗಜಗಳನ್ನು ಗಳಿಸಿದನು. ವರ್ಷದ ಕೊನೆಗೆ ೬೦ ಚೆಂಡುಗಳು, ೧,೧೧೪ ಗಜಗಳು. ಎಸೆದವನಾದ ಹ್ಯೂವರ್ಟನಿಗೆ, ಇಡೀ ದೇಶದ ಕಾಲೇಜು ಆಟಗಾರರಲ್ಲಿ ಶ್ರೇಷ್ಠನಾದವನಿಗೆ ಕೊಡುವ ಹೈಸ್ಮನ್ ಪಾರಿತೋಷಕ ಬಂದಿತು. ಅದೇ ತೋಳು; ಆ ವರ್ಷ ಯಾರೂ ಅವನಿಗೆ ಹೊಸ ತೋಳನ್ನು ಜೋಡಿಸಿರಲಿಲ್ಲ.

ತಡೆಯುವ ಪಡೆಯಲ್ಲಿ ಅಲನ್ ಪೇಜ್ ಎಂಬ ಎರಡನೆಯ ವರ್ಷದ ಕರಿಯ ಹುಡುಗನಿದ್ದನು. ಮುಂದೆ ಅವನು ವೃತ್ತಿಪರ ಆಟದಲ್ಲಿ ಹೆಸರು ಗಳಿಸಿ, ಆಡುತ್ತಲೇ ಕಾನೂನನ್ನು ಓದಿ, ೧೯೯೩ರಿಂದ ೨೦೧೫ರವರೆಗೆ ಮಿನೆಸೋಟಾ ರಾಜ್ಯದ ಸರ್ವೋಚ್ಚ ನ್ಯಾಯಾಲಯದ ನ್ಯಾಯಮೂರ್ತಿಯಾದನು. ಇದರ ಕೀರ್ತಿಯನ್ನು ಪಾರ್ಸೀಗಿಯನ್ನರಿಗೆ ಕೊಡಲು ನಾವು ಸಿದ್ಧರಿಲ್ಲ. ಅದು ಪೇಜನ ಸ್ವಂತ ಸಂಪಾದನೆ. ಆಟಗಾರನೆಂದರೆ ಓದಿನಲ್ಲಿ ಹಿಂದು ಎಂದು ನಿಮ್ಮ ಮನೆಯ ಹಿರಿಯರು ಹೇಳಿದರೆ ನೆನಪಿಗಿರಲೆಂದು ಬರೆದೆವು.

ಈಗ ಕೊನೆಯ ಆಟ. ೧೯೬೪ರ ನವೆಂಬರ್ ೨೮, ಲಾಸ್ ಏಂಜಲೀಸ್ ನಗರ. ಎದುರಾಳಿ ದಕ್ಷಿಣ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯ. ಅರ್ಧ ಆಟ ಮುಗಿದಾಗ ನೋಟರ್ ಡೇಮ್ ೧೭–೦ರಿಂದ ಮುಂದಿತ್ತು. ಅಲ್ಲಿಂದ ಗಾಳಿ ತಿರುಗಿತು. ನೋಟರ್ ಡೇಮ್ ಮತ್ತೊಮ್ಮೆ ಗೆರೆಯನ್ನು ದಾಟಿತು, ಆದರೆ ಜೊತೆಯವನೊಬ್ಬನು ಎದುರಾಳಿಯನ್ನು ಹಿಡಿದೆಳೆದನೆಂದು ತೀರ್ಪುಗಾರರು ಆ ಅಂಕಗಳನ್ನು ರದ್ದುಮಾಡಿದರು. ಎದುರಾಳಿಗಳು ಎರಡು ಬಾರಿ ಗೆರೆಯನ್ನು ದಾಟಿ ೧೩ ಅಂಕಗಳಿಗೆ ಬಂದರು. ಆಟ ಮುಗಿಯಲು ೧ ನಿಮಿಷ ೩೩ ಸೆಕೆಂಡುಗಳು ಉಳಿದಿದ್ದಾಗ, ನಾಲ್ಕನೆಯ ಹಾಗೂ ಕೊನೆಯ ಯತ್ನದಲ್ಲಿ, ಕ್ರೇಗ್ ಫರ್ಟಿಗ್ ಎಸೆದ ಚೆಂಡನ್ನು ರಾಡ್ ಶರ್ಮನ್ ಹಿಡಿದು ಗೆರೆಯೊಳಗೆ ಓಡಿದನು. ೨೦–೧೭. ದಾದರಿನಲ್ಲಿ ಲೋಕಲ್ ಗಾಡಿ ಬಂದು ನಿಂತು ಹೊರಡುವುದಕ್ಕಿಂತ ಸ್ವಲ್ಪ ಹೆಚ್ಚು ಕಾಲ ತಡೆದು ನಿಂತಿದ್ದರೆ ಆ ವರ್ಷದ ಹತ್ತಕ್ಕೆ ಹತ್ತೂ ಅವರದಾಗುತ್ತಿತ್ತು. ಋತುವಿನ ಬಳಿಕ ನಡೆಯುವ ವಿಶೇಷ ಪಂದ್ಯಗಳಿಗೆ ಹೋಗಕೂಡದೆಂಬುದು ಆಗ ಆ ವಿಶ್ವವಿದ್ಯಾಲಯದ ಕಟ್ಟಳೆಯಾಗಿದ್ದುದರಿಂದ ತಿದ್ದಿಕೊಳ್ಳಲು ಮತ್ತೊಂದು ಆಟವೂ ಇರಲಿಲ್ಲ. ಮೊದಲ ಸ್ಥಾನ ಕೈತಪ್ಪಿತು. ಗೆದ್ದವರಿಗಾದರೂ ಬಯಸಿದ್ದು ಸಿಕ್ಕಿತೇ? ಅದೂ ಇಲ್ಲ. ರೋಸ್ ಬೌಲ್ ಪಂದ್ಯಕ್ಕೆ ತಮ್ಮನ್ನು ಕರೆಯುವರೆಂದು ಅವರು ಕಾದಿದ್ದರು. ಆರೆಗನ್ ಸ್ಟೇಟ್ ತಂಡವನ್ನು ಕರೆದರು.

ಸೋಲೂ ಗೆಲುವೂ ಒಂದೇ, ಭಾಗವಹಿಸುವುದೇ ಮುಖ್ಯ ಎಂದು ಬಹುಮಾನ ಹಂಚುವ ಸಭೆಗಳಲ್ಲಿ ಅತಿಥಿಗಳು ಹೇಳುವುದುಂಟು. ನಾವು ಈ ಮಾತನ್ನು ಒಪ್ಪುವುದಿಲ್ಲ. ಆ ೯೩ ಸೆಕೆಂಡುಗಳು ಆ ಹುಡುಗರಿಗೆ ಜನ್ಮವಿಡೀ ನೋವು ಕೊಟ್ಟಿರಲೇಬೇಕು. ನೋಯದಿದ್ದರೆ ಆಡಿದ್ದು ಸುಳ್ಳೆಂದಾಗುತ್ತದೆ. ಆದರೆ ಆ ೯೩ ಸೆಕೆಂಡುಗಳು ಅದಕ್ಕೆ ಹಿಂದಿನ ಒಂಬತ್ತು ಶನಿವಾರಗಳನ್ನು ಅಳಿಸಿಹಾಕಿದವೆಂದು ಹೇಳುವವರೂ ತಪ್ಪು ಹೇಳುತ್ತಾರೆ. ಪಾರ್ಸೀಗಿಯನ್ ೧೯೭೪ರವರೆಗೆ ಅಲ್ಲಿಯೇ ಇದ್ದು ೧೯೬೬ ಮತ್ತು ೧೯೭೩ರಲ್ಲಿ ರಾಷ್ಟ್ರದ ಅಗ್ರಸ್ಥಾನವನ್ನು ತಂದುಕೊಟ್ಟರು, ೨೦೧೭ರಲ್ಲಿ ತೀರಿಕೊಂಡರು. ಆದರೂ ಆ ಸಂಸ್ಥೆಯವರು ಮೊದಲು ನೆನೆಯುವುದು ಗೆದ್ದ ಆ ವರ್ಷಗಳಷ್ಟೇ ಈ ೧೯೬೪ನ್ನು.

ಅಮೇರಿಕದ ಕಾಲೇಜುಗಳಲ್ಲಿ ಆಟವು ಹಿಡಿದಿರುವ ದಾರಿಯನ್ನೆಲ್ಲ ನಾವು ಹೊಗಳುತ್ತಿದ್ದೇವೆಂದು ಭಾವಿಸಬಾರದು. ಇಂದು ಅಲ್ಲಿಯ ಅನೇಕ ರಾಜ್ಯಗಳಲ್ಲಿ ಅತಿ ಹೆಚ್ಚು ಸಂಬಳವನ್ನು ಪಡೆಯುವ ಸರಕಾರಿ ನೌಕರನು ರಾಜ್ಯಪಾಲನೂ ಅಲ್ಲ, ಪ್ರಾಧ್ಯಾಪಕನೂ ಅಲ್ಲ, ಯಾವುದೋ ವಿಶ್ವವಿದ್ಯಾಲಯದ ತಂಡದ ಶಿಕ್ಷಕನು. ಕನ್ನಡ ಮಾಸ್ತರರೊಬ್ಬರು ಇದನ್ನು ಬರೆಯುವಾಗ ನಿಟ್ಟುಸಿರು ಬಂದರೆ ನೀವು ಕ್ಷಮಿಸಬೇಕು.

ಇನ್ನು ನಮ್ಮ ಸ್ವಂತದ ಮಾತು. ಮೂರು ವರ್ಷಗಳ ಹಿಂದೆ ನಮ್ಮ ತಂಡದೊಡನೆ ಒಬ್ಬ ಹುಡುಗನು ಬರುತ್ತಿದ್ದನು. ಅವನ ತಂದೆ ಹೊಟೇಲಿನಲ್ಲಿ ಕೆಲಸಕ್ಕಿದ್ದರು. ಹುಡುಗನು ಬೆಳಿಗ್ಗೆ ತಂದೆಗೆ ನೆರವಾಗಿ ಶಾಲೆಗೆ ತಡವಾಗಿ ಬರುತ್ತಿದ್ದನು. ತರಗತಿಯಲ್ಲಿ ಬಾಯಿ ಬಿಡುತ್ತಿರಲಿಲ್ಲ. ಅಕ್ಷರ ಚೆನ್ನಾಗಿತ್ತು. ಆದುದರಿಂದ ನಾವು ಅವನ ಕೈಯಲ್ಲಿ ವಹಿಯನ್ನು ಕೊಟ್ಟು ಅಂಕಗಳನ್ನು ಬರೆದುಕೊಳ್ಳಲು ಕೂರಿಸಿದೆವು. ಎರಡು ವರ್ಷ ಅವನು ಅದನ್ನೇ ಮಾಡಿದನು. ಯಾವನು ಎಷ್ಟು ಹೊತ್ತು ನಿಂತನು, ಯಾವನು ಕಂಬದ ಬಳಿ ಸಿಕ್ಕಿಬಿದ್ದನು ಎಂದು ಒಂದೂ ತಪ್ಪದೆ ಬರೆದನು. ಆಡುವೆಯಾ ಎಂದು ನಾವು ಕೇಳಲಿಲ್ಲ. ಆಡುತ್ತೇನೆಂದು ಅವನು ಹೇಳಲಿಲ್ಲ. ತಂಡದ ಒಂಬತ್ತು ಮಂದಿಯನ್ನು ನಾವು ಆರಿಸುತ್ತಿದ್ದುದು ಹೇಗೆಂದು ಈಗ ಯೋಚಿಸಿದರೆ ನಾಚಿಕೆಯಾಗುತ್ತದೆ. ತರಗತಿಯಲ್ಲಿ ಗಟ್ಟಿಯಾಗಿ ಉತ್ತರ ಹೇಳುವವರೇ ಮೈದಾನದಲ್ಲಿಯೂ ಮುಂದಿನ ಸಾಲಿನಲ್ಲಿ ನಿಲ್ಲುತ್ತಿದ್ದರು, ಅವರನ್ನೇ ಬರೆದುಕೊಳ್ಳುತ್ತಿದ್ದೆವು.

ಆ ಹುಡುಗನು ಈಗ ನಮ್ಮ ಶಾಲೆಯಲ್ಲಿಲ್ಲ. ಕಳೆದ ಚಳಿಗಾಲದ ಒಂದು ಸಂಜೆ ಮೈದಾನದ ಅಂಚಿನಲ್ಲಿ ಹಾದುಹೋಗುತ್ತಿದ್ದಾಗ ಖೋಖೋ ಆಟ ನಡೆಯುತ್ತಿತ್ತು. ನೆರೆಯ ಓಣಿಯ ಮಂಡಳದ ಮರಾಠಿ ಹುಡುಗರ ತಂಡ. ಬೆನ್ನಟ್ಟುವವನೊಬ್ಬನು ಕಂಬವನ್ನು ಒಂದು ಕೈಯಲ್ಲಿ ಹಿಡಿದು, ಮೈಯನ್ನು ನೆಲಕ್ಕೆ ಸಮನಾಗಿ ಚಾಚಿ, ಓಡುವವನ ಹಿಮ್ಮಡಿಯನ್ನು ಮುಟ್ಟಿದನು. ಎದ್ದು ಮಣ್ಣನ್ನು ಕೊಡವಿಕೊಂಡಾಗ ಗುರುತು ಸಿಕ್ಕಿತು. ನಮ್ಮನ್ನು ಕಂಡು ಓಡಿಬಂದು ನಮಸ್ಕಾರ ಮಾಡಿದನು. "ಇದನ್ನೆಲ್ಲ ಯಾವಾಗ ಕಲಿತೆಯೋ?" ಎಂದು ಕೇಳಿದೆವು. "ಅಲ್ಲೇ ಸರ್, ಅಂಕ ಬರೆಯುತ್ತ ನೋಡಿ ನೋಡಿ," ಎಂದನು. ಅವನ ಧ್ವನಿಯಲ್ಲಿ ಆಕ್ಷೇಪಣೆ ಇರಲಿಲ್ಲ. ಇದ್ದಿದ್ದರೆ ನಮಗೆ ಸ್ವಲ್ಪ ಹಗುರವಾಗುತ್ತಿತ್ತು.

ರೈಲಿನಲ್ಲಿ ಪ್ರಶ್ನೆ ಕೇಳಿದ ವಿದ್ಯಾರ್ಥಿಯೇ, ಬೇರೆ ಮಾಸ್ತರರು ಇದ್ದಿದ್ದರೆ ಐದೂ ಆಟಗಳನ್ನು ನೀವು ಗೆಲ್ಲುತ್ತಿದ್ದಿರೆಂದು ನಾವು ಹೇಳಲಾರೆವು. ೧೯೫೭ರ ಪಾರ್ಸೀಗಿಯನ್ ನಮ್ಮ ಪಕ್ಷದಲ್ಲಿದ್ದಾರೆ! ರಜೆಯಲ್ಲಿ ನೀವು ಓಡಿದಿರೋ ಇಲ್ಲವೋ ಎಂಬ ಮಾತೂ ಇದೆ. ಅದು ನಿಮಗೇ ಗೊತ್ತು. ಆದರೆ ಬೇರೊಬ್ಬ ಮಾಸ್ತರರು ಆ ವಹಿ ಬರೆಯುವ ಹುಡುಗನ ಕಾಲುಗಳನ್ನು ನೋಡುತ್ತಿದ್ದಿರಬಹುದು. ನಾವು ಅಕ್ಷರವನ್ನು ಮಾತ್ರ ನೋಡಿದೆವು. ಇಷ್ಟು ನಿಜ, ಮತ್ತು ಇದನ್ನು ಕೇಳುವ ಹಕ್ಕು ನಿನಗೆ ಇತ್ತು. ನಾಲಿಗೆಯನ್ನು ಕಚ್ಚಿಕೊಳ್ಳಬೇಕಾಗಿರಲಿಲ್ಲ.

ಜೂನಿನಲ್ಲಿ ಶಾಲೆ ತೆರೆದ ಮೇಲೆ ಮೊದಲ ಎರಡು ಶನಿವಾರಗಳು, ಮಳೆ ಬಿಟ್ಟ ಹೊತ್ತಿನಲ್ಲಿ, ಎಂಟು ಮತ್ತು ಒಂಬತ್ತನೆಯ ಇಯತ್ತೆಯ ಪ್ರತಿಯೊಬ್ಬ ಹುಡುಗನೂ ಪ್ರತಿಯೊಬ್ಬ ಹುಡುಗಿಯೂ ಅಂಗಳದಲ್ಲಿ ಓಡಿ ತೋರಿಸತಕ್ಕದ್ದು. ತಡವಾಗಿ ಬರುವವರಿಗಾಗಿ ಅರ್ಧ ಗಂಟೆ ಕಾಯಲಾಗುವುದು. ಅಂಕ ಬರೆಯುವ ವಹಿ ಈ ಸಲ ನಮ್ಮ ಕೈಯಲ್ಲಿರುತ್ತದೆ.